ಬಲೆ ನೇಯದ ಜೇಡ: ಒಂದು ಹೊಸ ಪ್ರಭೇದಕ್ಕೆ ಹೆಸರು ಬಂದ ಬಗೆ

ಕನ್ನಡ ಐಚ್ಛಿಕ ವಿಷಯದ ವಿದ್ಯಾರ್ಥಿಗಳಿಗೆ ‘ವರ್ಣನೆ’ ಎಂಬ ಮಾತು ಹೊಸದಲ್ಲ. ಮಹಾಕಾವ್ಯದಲ್ಲಿರಬೇಕಾದ ಹದಿನೆಂಟು ವರ್ಣನೆಗಳ ಪಟ್ಟಿಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡದವರು ವಿರಳ. ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯಗಳನ್ನು ಕವಿ ವರ್ಣಿಸುತ್ತಾನೆ. ಅವನು ವರ್ಣಿಸದಿದ್ದರೂ ಸಮುದ್ರ ಸಮುದ್ರವಾಗಿಯೇ ಉಳಿಯುತ್ತದೆ, ಚಂದ್ರನು ಉದಯಿಸುತ್ತಲೇ ಇರುತ್ತಾನೆ. ಪ್ರಾಣಿಶಾಸ್ತ್ರದಲ್ಲಿ ಬಳಕೆಯಲ್ಲಿರುವ ವರ್ಣನೆಯ ಪದ್ಧತಿ ಇದಕ್ಕಿಂತ ಬೇರೆ. ಅಲ್ಲಿ ಒಂದು ಜೀವಿಯನ್ನು ನಿಯಮಾನುಸಾರ ವರ್ಣಿಸಿ, ಹೆಸರಿಟ್ಟು, ಪ್ರಕಟಿಸುವವರೆಗೆ ಆ ಜೀವಿಗೆ ಶಾಸ್ತ್ರದಲ್ಲಿ ಸ್ಥಾನವಿಲ್ಲ. ಅದು ಸಾವಿರಾರು ವರ್ಷಗಳಿಂದ ಕಾಡಿನಲ್ಲಿ ಬದುಕಿದ್ದಿರಬಹುದು, ಊರಿನ ಜನ ಅದನ್ನು ದಿನವೂ ಕಂಡಿರಬಹುದು. ಆದರೂ ಗ್ರಂಥದಲ್ಲಿ, ಕಾಯಿದೆಯಲ್ಲಿ, ಸಂರಕ್ಷಣೆಯ ಪಟ್ಟಿಯಲ್ಲಿ ಅದು ಇಲ್ಲ.

ಇಂತಹ ವರ್ಣನೆ ಹೇಗೆ ನಡೆಯುತ್ತದೆ, ಅದರಲ್ಲಿ ಭಾಷೆಯ ಪಾಲೆಷ್ಟು ಎಂಬುದನ್ನು ಉಷ್ಣವಲಯದ ಕಾಡಿನ ಒಂದು ಏಡಿಜೇಡದ ದೃಷ್ಟಾಂತದ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಜೇಡ ಎಂಬ ಪದ, ಏಡಿ ಎಂಬ ವಿಶೇಷಣ

ಮೊದಲು ಪದಗಳನ್ನೇ ನೋಡಬಹುದು. ಕನ್ನಡದಲ್ಲಿ ಜೇಡ, ಜಾಡ ಎಂದರೆ ನೇಕಾರ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ವೃತ್ತಿಯೇ. ನೂಲು ತೆಗೆದು ಬಲೆ ನೇಯುವ ಹುಳುವಿಗೂ ಅದೇ ಹೆಸರು ಸಂದಿತು. ತೆಲುಗಿನ ‘ಸಾಲೆಪುರುಗು’ ಕೂಡ ಇದೇ ದಾರಿಯಲ್ಲಿ ಹುಟ್ಟಿದ್ದು. ಸಾಲೆ ಎಂದರೆ ನೇಕಾರ, ಪುರುಗು ಎಂದರೆ ಹುಳು. ಸಂಸ್ಕೃತದ ‘ಊರ್ಣನಾಭ’ವು ಹೊಕ್ಕುಳಲ್ಲಿ ಎಳೆಯನ್ನು ಇಟ್ಟುಕೊಂಡದ್ದು ಎಂಬ ಅರ್ಥವನ್ನು ಕೊಡುತ್ತದೆ. ಮಲಯಾಳದ ‘ಎಟ್ಟುಕಾಲಿ’ ಕಸುಬನ್ನು ಬಿಟ್ಟು ಕಾಲುಗಳನ್ನು ಎಣಿಸಿದೆ. ಮರಾಠಿಯಲ್ಲಿ ಜೇಡಕ್ಕೂ ಮೀನುಗಾರನಿಗೂ ‘ಕೋಳೀ’ ಎಂಬ ಒಂದೇ ಪದ, ಇಬ್ಬರೂ ಬಲೆಯವರೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಗಡಿಭಾಗದ ಮಗು, ಗೋಡೆಯ ಮೇಲೆ ಕೋಳೀ ಇದೆ ಎಂಬ ಮಾತನ್ನು ಕೇಳಿ ಕೋಳಿಯನ್ನು ಹುಡುಕಿದರೆ ಆಶ್ಚರ್ಯವಿಲ್ಲ.

ಈ ಹೆಸರುಗಳಲ್ಲಿ ಹೆಚ್ಚಿನವು ಬಲೆಯನ್ನೇ ಆಧರಿಸಿವೆ. ಆದರೆ ಬೇಟೆಗಾಗಿ ಬಲೆಯನ್ನೇ ಕಟ್ಟದ ಜೇಡಗಳೂ ಬಹಳ. ಅವುಗಳಲ್ಲಿ ಥಾಮಿಸಿಡೇ ಎಂಬ ಕುಟುಂಬ ಮುಖ್ಯವಾದುದು. 1833ರಲ್ಲಿ ಸ್ವೀಡನ್ನಿನ ಪ್ರಾಣಿಶಾಸ್ತ್ರಜ್ಞ ಸುಂಡೆವಾಲ್ ಈ ಕುಟುಂಬಕ್ಕೆ ಹೆಸರಿಟ್ಟನು. ಇಂದು ಇದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಇವುಗಳ ಮುಂದಿನ ಎರಡು ಜೊತೆ ಕಾಲುಗಳು ಹಿಂದಿನವಕ್ಕಿಂತ ಉದ್ದವಾಗಿಯೂ ದೃಢವಾಗಿಯೂ ಇರುತ್ತವೆ. ಕಾಲುಗಳೆಲ್ಲ ಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಈ ಜೇಡ ಏಡಿಯಂತೆ ಅಡ್ಡಡ್ಡವಾಗಿ ಸರಿಯಬಲ್ಲದು. ಏಡಿಜೇಡ ಎಂಬ ಹೆಸರು ಬಂದದ್ದು ಇದರಿಂದ.

ಏಡಿಜೇಡ ಓಡಿ ಬೇಟೆಯಾಡುವುದಿಲ್ಲ. ಹೂವಿನ ದಳದ ಮೇಲೆ, ಎಲೆಯ ಅಂಚಿನಲ್ಲಿ, ತೊಗಟೆಯ ಸಂದಿನಲ್ಲಿ ಮುಂಗಾಲುಗಳನ್ನು ಅಗಲಿಸಿ ಕುಳಿತು ಕಾಯುತ್ತದೆ. ಮಧು ಹೀರಲು ಬಂದ ಜೇನ್ನೊಣವೋ ಪತಂಗವೋ ಎಟುಕಿದೊಡನೆ ಹಿಡಿದು, ವಿಷ ಊಡಿ, ದ್ರವವನ್ನಷ್ಟೇ ಹೀರುತ್ತದೆ. ಹೊರಗಿನ ಚಿಪ್ಪು ಮುರಿಯದೆ ಹಾಗೆಯೇ ಉಳಿಯುತ್ತದೆ. ಕಾದು ಕೂರುವ ಜೀವಿಗೆ ಕಣ್ಣಿಗೆ ಬೀಳದಿರುವುದೇ ಬಲ. ಯುರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಕಾಣುವ ಮಿಸುಮೆನಾ ವೇಷಿಯಾ ಎಂಬ ಪ್ರಭೇದದ ಹೆಣ್ಣು, ಕುಳಿತ ಹೂವಿಗೆ ತಕ್ಕಂತೆ ಕೆಲವು ದಿನಗಳಲ್ಲಿ ಬಿಳಿಯಿಂದ ಹಳದಿಗೆ, ಮತ್ತೆ ಹಳದಿಯಿಂದ ಬಿಳಿಗೆ ಬಣ್ಣ ಬದಲಿಸುತ್ತದೆ. ಪಶ್ಚಿಮಘಟ್ಟದ ತಪ್ಪಲಿನ ತೋಟಗಳಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಿಗಳಿ ಇರುವೆಯನ್ನು ಎಲ್ಲರೂ ಬಲ್ಲರು. ಅದನ್ನೇ ಹೋಲುವ, ಅದನ್ನೇ ತಿನ್ನುವ ಅಮಿಸಿಯಾ ಫಾರ್ಟಿಸೆಪ್ಸ್ ಎಂಬುದೂ ಏಡಿಜೇಡವೇ. ಅದರ ಉದರದ ತುದಿಯಲ್ಲಿರುವ ಎರಡು ಕಪ್ಪು ಚುಕ್ಕೆಗಳು ಇರುವೆಯ ಕಣ್ಣುಗಳಂತೆ ತೋರುತ್ತವೆ. 1873ರಲ್ಲಿ ಅದನ್ನು ಮೊದಲು ವರ್ಣಿಸಿದವನು ಆಕ್ಟೇವಿಯಸ್ ಪಿಕಾರ್ಡ್-ಕೇಂಬ್ರಿಜ್ ಎಂಬ ಇಂಗ್ಲಿಷ್ ಪಾದ್ರಿ. ಮುಂದಿನ ಕಥೆಯಲ್ಲಿಯೂ ಅವನು ಬರುತ್ತಾನೆ.

ಎರಡು ಸಲ ಮೋಸಹೋದ ನಿಸರ್ಗವಾದಿ

ಹೆನ್ರಿ ಆಗ್ ಫೋರ್ಬ್ಸ್ ಎಂಬ ಸ್ಕಾಟ್ಲೆಂಡಿನ ನಿಸರ್ಗವಾದಿ 1878ರಲ್ಲಿ ಜಾವಾಕ್ಕೆ ಬಂದು, ಪೂರ್ವದ್ವೀಪಗಳಲ್ಲಿ ಕೆಲವು ವರ್ಷ ಸಸ್ಯಗಳನ್ನೂ ಪ್ರಾಣಿಗಳನ್ನೂ ಸಂಗ್ರಹಿಸಿದನು. ಆ ಅಲೆದಾಟದ ವೃತ್ತಾಂತವನ್ನು 1885ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಅದರಲ್ಲಿ ಒಂದು ಜೇಡದ ಪ್ರಸಂಗವಿದೆ.

ಜಾವಾದ ಕಾಡಿನಲ್ಲಿ ಅವನು ಒಂದು ದೊಡ್ಡ ಚಿಟ್ಟೆಯ ಬೆನ್ನುಹತ್ತಿ ಹೋಗುತ್ತಿದ್ದಾಗ ಕೇದಗೆಯ ಜಾತಿಯ ಮುಳ್ಳುಪೊದೆಗಳು ಅಡ್ಡಬಂದವು. ಅಲ್ಲಿ ನಿಂತು ನೋಡಿದರೆ, ಒಂದು ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯ ಮೇಲೆ ಇನ್ನೊಂದು ಚಿಕ್ಕ ಚಿಟ್ಟೆ ಕುಳಿತಿತ್ತು. ಚಿಟ್ಟೆಗಳು ಹಿಕ್ಕೆಯ ಮೇಲೆ ಕೂರುವುದು ಉಷ್ಣವಲಯದಲ್ಲಿ ಸಾಮಾನ್ಯ. ಲವಣಾಂಶಕ್ಕಾಗಿ ಅವು ಅದನ್ನು ಹೀರುತ್ತವೆ. ಫೋರ್ಬ್ಸ್ ಮೆಲ್ಲನೆ ಸಮೀಪಿಸಿದನು. ಚಿಟ್ಟೆ ಕದಲಲಿಲ್ಲ. ಬೆರಳುಗಳಿಂದ ಹಿಡಿದರೂ ಹಾರಲಿಲ್ಲ. ಎತ್ತಿದಾಗ ಅದರ ಮೈಯ ಒಂದು ಭಾಗ ಹಿಕ್ಕೆಗೇ ಅಂಟಿಕೊಂಡು ಉಳಿಯಿತು. ಅದು ಅಂಟಾಗಿರಬಹುದೇ ಎಂದು ಪರೀಕ್ಷಿಸಲು ಬೆರಳ ತುದಿಯಿಂದ ಮುಟ್ಟಿದಾಗ ತಿಳಿಯಿತು, ಅದು ಹಿಕ್ಕೆಯಲ್ಲ, ಕಾಲುಗಳನ್ನು ಮೈಗೆ ಮಡಿಸಿಕೊಂಡು ಮಲಗಿದ ಜೇಡ.

ಎರಡನೆಯ ಪ್ರಸಂಗ ಇನ್ನೂ ಸ್ವಾರಸ್ಯಕರ. ಅದು ನಡೆದದ್ದು 1881ರ ಜೂನ್ 25ರಂದು, ಸುಮಾತ್ರಾದ ಮೂಸಿ ನದಿಯ ದಡದಲ್ಲಿರುವ ಲಾಂಪಾರ್ ಎಂಬ ಹಳ್ಳಿಯ ಹತ್ತಿರದ ಕಾಡಿನಲ್ಲಿ. ಸಹಾಯಕರು ಎತ್ತರದ ಮರದಿಂದ ಸಸ್ಯದ ಮಾದರಿಗಳನ್ನು ಇಳಿಸುತ್ತಿದ್ದರು. ಫೋರ್ಬ್ಸ್ ಎದುರಿನ ಪೊದೆಗಳನ್ನು ಸುಮ್ಮನೆ ನೋಡುತ್ತ ನಿಂತಿದ್ದನು. ಹಿಕ್ಕೆ ಬಿದ್ದ ಒಂದು ಎಲೆ ಕಣ್ಣಿಗೆ ಬಿತ್ತು. ಜಾವಾದಲ್ಲಿ ಕಂಡ ಆ ಜೇಡ ಎಷ್ಟು ಚೆನ್ನಾಗಿ ಇಂಥದ್ದನ್ನೇ ಅನುಕರಿಸಿತ್ತು, ಮತ್ತೊಂದು ಮಾದರಿ ತನಗೆ ಈವರೆಗೆ ಸಿಗಲಿಲ್ಲವಲ್ಲ ಎಂದು ಯೋಚಿಸುತ್ತಲೇ ಆ ಎಲೆಯನ್ನು ತೊಟ್ಟಿನಿಂದ ಕಿತ್ತು ತಿರುಗಿಸಿ ತಿರುಗಿಸಿ ನೋಡಿದನು. ಕೈಯಲ್ಲಿದ್ದುದೇ ಆ ಎರಡನೆಯ ಮಾದರಿ ಎಂಬುದು ಸ್ವಲ್ಪ ಹೊತ್ತು ಅವನಿಗೆ ಹೊಳೆಯಲೇ ಇಲ್ಲ. ಕಿರುಬೆರಳನ್ನು ಇಟ್ಟಾಗ ಜೇಡ ಕೂತ ಜಾಗದಿಂದ ಅಲುಗದೆಯೇ ಅವನನ್ನು ಕಚ್ಚಿತು.

ಅಲಂಕಾರಶಾಸ್ತ್ರವನ್ನು ಓದುವವರು ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಸಾದೃಶ್ಯದ ಬಲದಿಂದ ಒಂದನ್ನು ಇನ್ನೊಂದೆಂದು ತಿಳಿಯುವುದು ಭ್ರಾಂತಿಮಾನ್. ಚಿಟ್ಟೆಯದು ಶುದ್ಧ ಭ್ರಾಂತಿ. ಅದಕ್ಕೆ ಬೆಲೆಯಾಗಿ ಪ್ರಾಣವನ್ನು ತೆತ್ತಿತು. ಫೋರ್ಬ್ಸ್‌ನ ಮೊದಲ ಅನುಭವವೂ ಭ್ರಾಂತಿಯೇ. ಎರಡನೆಯ ಸಲ ಅವನ ಮನಸ್ಸಿನಲ್ಲಿ ಉಪಮೇಯ, ಉಪಮಾನ, ಸಮಾನಧರ್ಮ ಮೂರೂ ಸ್ಪಷ್ಟವಾಗಿದ್ದವು. ಆದರೂ ಕಣ್ಣು ಮೋಸಹೋಯಿತು. ಹೋಲಿಕೆಯನ್ನು ಬಲ್ಲವನೂ ಹೋಲಿಕೆಯಿಂದ ತಪ್ಪಿಸಿಕೊಳ್ಳಲಾರದಷ್ಟು ಆ ಅನುಕರಣೆ ಪೂರ್ಣವಾಗಿತ್ತು.

ಈ ಪೂರ್ಣತೆಗೆ ಕಾರಣ ಜೇಡದ ಮೈಬಣ್ಣ ಮಾತ್ರವಲ್ಲ. ಹಕ್ಕಿಯ ಹಿಕ್ಕೆಯಲ್ಲಿ ನಡುವೆ ಸುಣ್ಣದಂತಹ ಬಿಳಿ ಭಾಗ, ಅದರಲ್ಲಿ ಅಲ್ಲಲ್ಲಿ ಕಪ್ಪು, ಸುತ್ತ ತೆಳುವಾಗಿ ಹರಡಿ ಒಣಗಿದ ಪದರ, ಎಲೆ ಓರೆಯಾಗಿದ್ದರೆ ಕೆಳಗೆ ಹರಿದು ತುದಿಯಲ್ಲಿ ಗಟ್ಟಿಯಾದ ಒಂದು ಗೆರೆ, ಇವಿಷ್ಟು ಇರುತ್ತವೆ. ಜೇಡದ ಬಿಳಿ ಉದರ ಮತ್ತು ಕಪ್ಪು ಗುರುತುಗಳು ನಡುವಿನ ಭಾಗವನ್ನು ತೋರಿಸುತ್ತವೆ. ಉಳಿದುದನ್ನು ಅದು ನೂಲಿನಿಂದ ಮಾಡುತ್ತದೆ. ಎಲೆಯ ಮೇಲೆ ತೆಳ್ಳನೆಯ ಬಿಳಿ ಪೊರೆಯನ್ನು ಹರಡಿ, ಇಳಿಜಾರಿನ ಕಡೆಗೆ ಒಂದು ಕಿರಿದಾದ ಪಟ್ಟಿಯನ್ನು ಎಳೆದು, ಅದರ ತುದಿಯನ್ನು ದಪ್ಪಗೊಳಿಸುತ್ತದೆ. ಫೋರ್ಬ್ಸ್ ಕಂಡಂತೆ, ಮುಂಗಾಲುಗಳ ಮುಳ್ಳುಗಳನ್ನು ಆ ಪೊರೆಯೊಳಗೆ ಸಿಕ್ಕಿಸಿ ಬೆನ್ನಡಿಯಾಗಿ ಅದರ ಮೇಲೆ ಮಲಗುತ್ತದೆ. ಬಲೆ ನೇಯದ ಈ ನೇಕಾರನಿಗೆ ನೂಲು ಅನವಶ್ಯಕವಾಗಿಲ್ಲ. ಬೇಟೆಯನ್ನು ಸಿಲುಕಿಸುವುದಕ್ಕೆ ಬದಲಾಗಿ ಬೇಟೆಯನ್ನು ನಂಬಿಸುವುದಕ್ಕೆ ಅದು ವಿನಿಯೋಗವಾಗಿದೆ. ಈ ವೇಷದಿಂದ ಎರಡು ಪ್ರಯೋಜನಗಳಿವೆ. ಹಿಕ್ಕೆಯನ್ನು ಅರಸಿ ಬರುವ ಕೀಟ ತಾನಾಗಿ ಬಾಯಿಗೆ ಬರುತ್ತದೆ. ಜೇಡವನ್ನು ತಿನ್ನಬೇಕಾದ ಹಕ್ಕಿ ತನ್ನ ಹಿಕ್ಕೆಯನ್ನು ತಾನು ತಿನ್ನದೆ ಮುಂದೆ ಹೋಗುತ್ತದೆ.

ಲಂಡನ್ನಿನಲ್ಲಿ ನಾಮಕರಣ

ಕಾಡಿನಲ್ಲಿ ಕಂಡ ಮಾತ್ರಕ್ಕೆ ಪ್ರಭೇದ ಸ್ಥಾಪಿತವಾಗುವುದಿಲ್ಲ. ಫೋರ್ಬ್ಸ್‌ನ ಜೇಡ ಇಂಗ್ಲೆಂಡಿನಲ್ಲಿ ಪಿಕಾರ್ಡ್-ಕೇಂಬ್ರಿಜ್‌ನ ಕೈಸೇರಿತು. ಡಾರ್ಸೆಟ್ ಪ್ರಾಂತದ ಬ್ಲಾಕ್ಸ್‌ವರ್ತ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಅವನು (1828–1917) ತನ್ನ ಜೀವಿತಕಾಲದಲ್ಲಿ ಜಗತ್ತಿನ ನಾನಾ ಭಾಗಗಳ ನೂರಾರು ಜೇಡಗಳನ್ನು ವರ್ಣಿಸಿದವನು. ಸುಮಾತ್ರಾದ ಜೇಡದ ನಡವಳಿಯನ್ನು ಕುರಿತ ಫೋರ್ಬ್ಸ್‌ನ ಬರಹ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ 1883ನೆಯ ಸಾಲಿನ ನಡಾವಳಿಯಲ್ಲಿ ಅಚ್ಚಾಯಿತು. ಅಲ್ಲಿ ಅದನ್ನು ಥಾಮಿಸಸ್ ಎಂಬ ಹಳೆಯ ಕುಲದಲ್ಲಿ ಸೇರಿಸಿ ‘ಥಾಮಿಸಸ್ ಡೆಸಿಪಿಯೆನ್ಸ್’ ಎಂದು ಕರೆಯಲಾಗಿತ್ತು. ಲ್ಯಾಟಿನ್ನಿನಲ್ಲಿ ಡೆಸಿಪಿಯೆನ್ಸ್ ಎಂದರೆ ವಂಚಿಸುವ, ಮೋಸಗೊಳಿಸುವ ಎಂದರ್ಥ. 1884ರಲ್ಲಿ ಪಿಕಾರ್ಡ್-ಕೇಂಬ್ರಿಜ್ ಇದಕ್ಕಾಗಿ ‘ಆರ್ನಿಥೊಸ್ಕಟಾಯ್ಡಿಸ್’ ಎಂಬ ಹೊಸ ಕುಲವನ್ನೇ ರಚಿಸಿದನು. ಗ್ರೀಕ್ ಮೂಲದ ಆ ದೀರ್ಘ ಸಮಾಸವನ್ನು ಬಿಡಿಸಿದರೆ ‘ಹಕ್ಕಿಯ ಹಿಕ್ಕೆಯನ್ನು ಹೋಲುವುದು’ ಎಂದಾಗುತ್ತದೆ.

ಆದರೆ ಈ ಕುಲನಾಮ ಉಳಿಯಲಿಲ್ಲ. ಸ್ವೀಡನ್ನಿನ ಥೊರೆಲ್ 1869ರಲ್ಲಿಯೇ ಇದೇ ಬಗೆಯ ಜೇಡಗಳಿಗಾಗಿ ‘ಫ್ರಿನರಾಕ್ನೆ’ ಎಂಬ ಕುಲವನ್ನು ಸ್ಥಾಪಿಸಿದ್ದನು. ಅದು ‘ಕಪ್ಪೆಜೇಡ’ ಎಂಬ ಅರ್ಥದ ಪದ. ಗಂಟುಗಂಟಾದ ಮೈಯನ್ನು ನೋಡಿ ಹಾಗೆ ಕರೆದದ್ದು. ಎರಡೂ ಒಂದೇ ಕುಲವೆಂದು ತಿಳಿದಾಗ, ಮೊದಲು ಪ್ರಕಟವಾದ ಹೆಸರಿಗೆ ಮಾನ್ಯತೆ ಎಂಬ ನಿಯಮದಂತೆ ಕಿರಿಯ ಹೆಸರು ಬಿದ್ದುಹೋಯಿತು. ಹೊಸ ಹೆಸರು ಎಷ್ಟೇ ಅರ್ಥಪೂರ್ಣವಾಗಿದ್ದರೂ ಹಳೆಯದನ್ನು ಹಿಂದಿಕ್ಕಲಾರದು. ಈಗ ಆ ಪ್ರಭೇದದ ಪೂರ್ಣನಾಮ ‘ಫ್ರಿನರಾಕ್ನೆ ಡೆಸಿಪಿಯೆನ್ಸ್ (ಫೋರ್ಬ್ಸ್, 1883)’. ಹೆಸರಿನ ಕೊನೆಯ ಆವರಣ ಚಿಹ್ನೆ ಅಲಂಕಾರಕ್ಕಾಗಿ ಇರುವುದಲ್ಲ. ಈ ಪ್ರಭೇದವನ್ನು ಹೆಸರಿಸಿದವನು ಇಟ್ಟ ಕುಲ ಬೇರೆ, ಈಗಿರುವ ಕುಲ ಬೇರೆ ಎಂಬ ಇತಿಹಾಸವನ್ನು ಆ ಎರಡು ಕಂಸಗಳು ಹೇಳುತ್ತವೆ. ಶಾಸನದಲ್ಲಿ ದಾನ ಕೊಟ್ಟವನ ಹೆಸರು, ಶಕವರ್ಷ ಇರುವಂತೆ ಪ್ರತಿಯೊಂದು ಪ್ರಭೇದನಾಮದ ಹಿಂದೆಯೂ ಕರ್ತೃ ಮತ್ತು ಕಾಲ ಇರುತ್ತವೆ.

ವ್ಯಾಕರಣದ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ಕುತೂಹಲವಿದೆ. ಪ್ರಭೇದನಾಮ ವಿಶೇಷಣವಾಗಿದ್ದರೆ ಅದು ಕುಲನಾಮದ ಲಿಂಗವನ್ನು ಅನುಸರಿಸಬೇಕೆಂಬುದು ನಿಯಮ. ಪುಲ್ಲಿಂಗದ ಕುಲದಲ್ಲಿ ‘ಫಾರ್ಮೋಸಸ್’ ಆಗಿದ್ದುದು ಸ್ತ್ರೀಲಿಂಗದ ಕುಲಕ್ಕೆ ಹೋದರೆ ‘ಫಾರ್ಮೋಸಾ’ ಆಗುತ್ತದೆ. ಕನ್ನಡಿಗನಿಗೆ ಇದು ವಿಚಿತ್ರವೆನಿಸಬಹುದು. ‘ಒಳ್ಳೆಯ ಹುಡುಗ’, ‘ಒಳ್ಳೆಯ ಹುಡುಗಿ’ ಎನ್ನುವಾಗ ಕನ್ನಡದ ವಿಶೇಷಣ ಬದಲಾಗದು. ಮರಾಠಿ ಬಲ್ಲವರಿಗೆ ಚಾಂಗಲಾ, ಚಾಂಗಲೀ, ಚಾಂಗಲೇ ಎಂಬ ರೂಪಗಳು ನೆನಪಾದರೆ ಸಾಕು, ವಿಷಯ ಸ್ಪಷ್ಟವಾಗುತ್ತದೆ. ‘ಡೆಸಿಪಿಯೆನ್ಸ್’ ಮಾತ್ರ ಲ್ಯಾಟಿನ್ನಿನ ವರ್ತಮಾನ ಕೃದಂತವಾದುದರಿಂದ ಮೂರು ಲಿಂಗಗಳಲ್ಲಿಯೂ ಒಂದೇ ರೂಪ. ಅದಕ್ಕಾಗಿಯೇ ಮೂರು ಕುಲಗಳನ್ನು ಸುತ್ತಿಬಂದರೂ ಅದರ ಒಂದಕ್ಷರವೂ ಬದಲಾಗಲಿಲ್ಲ.

ಇಂದಿನ ಕ್ರಮ

ಫೋರ್ಬ್ಸ್‌ನ ಕಾಲಕ್ಕೂ ಇಂದಿಗೂ ಉಪಕರಣಗಳು ಬದಲಾಗಿವೆ, ಕೆಲಸದ ಮೂಲಸ್ವರೂಪ ಬದಲಾಗಿಲ್ಲ. ಸಂಶೋಧಕರು ಹಗಲಿನಲ್ಲಿ ಕೊಂಬೆಯ ಕೆಳಗೆ ಬಿಳಿ ಬಟ್ಟೆಯನ್ನೋ ತಲೆಕೆಳಗಾದ ಕೊಡೆಯನ್ನೋ ಹಿಡಿದು ಕೋಲಿನಿಂದ ತಟ್ಟುತ್ತಾರೆ. ತರಗೆಲೆಯನ್ನು ಜರಡಿ ಹಿಡಿಯುತ್ತಾರೆ. ರಾತ್ರಿ ತಲೆಗೆ ದೀಪ ಕಟ್ಟಿಕೊಂಡು ಎಲೆಯೆಲೆಯನ್ನು ನೋಡುತ್ತಾರೆ. ಸಿಕ್ಕ ಜೇಡವನ್ನು ಜೀವಂತವಾಗಿರುವಾಗಲೇ ಛಾಯಾಚಿತ್ರ ತೆಗೆದು, ನಂತರ ಆಲ್ಕೊಹಾಲಿನಲ್ಲಿ ಇಡುತ್ತಾರೆ. ಪ್ರತಿ ಸೀಸೆಯೊಳಗೆ ಒಂದು ಚೀಟಿ ಇರಲೇಬೇಕು: ಸ್ಥಳ, ಅಕ್ಷಾಂಶ, ರೇಖಾಂಶ, ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು. ಚೀಟಿಯಿಲ್ಲದ ಮಾದರಿ ಎಷ್ಟೇ ಅಪೂರ್ವವಾಗಿದ್ದರೂ ಶಾಸ್ತ್ರಕ್ಕೆ ಅದರ ಉಪಯೋಗ ಅತ್ಯಲ್ಪ.

ಅನಂತರದ ಕೆಲಸ ಸೂಕ್ಷ್ಮದರ್ಶಕದ ಅಡಿಯಲ್ಲಿ. ಎಂಟು ಕಣ್ಣುಗಳು ಎರಡು ಸಾಲಿನಲ್ಲಿ ಹೇಗೆ ಕೂಡಿವೆ, ಪಕ್ಕದ ಕಣ್ಣುಗಳ ಕೆಳಗಿನ ಗುಬಟುಗಳು ಎಷ್ಟು ಎತ್ತರ, ಕಾಲಿನ ಪ್ರತಿ ಖಂಡದ ಉದ್ದವೆಷ್ಟು, ಮುಳ್ಳುಗಳೆಷ್ಟು ಎಂಬುದನ್ನು ಮಿಲಿಮೀಟರಿನ ಭಾಗಗಳಲ್ಲಿ ಅಳೆಯುತ್ತಾರೆ. ಆದರೆ ಜೇಡಗಳಲ್ಲಿ ಪ್ರಭೇದವನ್ನು ನಿರ್ಣಯಿಸುವ ಮುಖ್ಯ ಪ್ರಮಾಣ ಜನನಾಂಗಗಳ ರಚನೆ. ಗಂಡಿನ ಬಾಯಿಯ ಇಕ್ಕೆಲಗಳಲ್ಲಿರುವ ಕಾಲಿನಂತಹ ಪುಟ್ಟ ಅಂಗಗಳ ತುದಿಯಲ್ಲಿ ವೀರ್ಯವನ್ನು ಸಾಗಿಸುವ ವಿಶೇಷ ರಚನೆಯಿದೆ. ಹೆಣ್ಣಿನ ಉದರದ ಕೆಳಭಾಗದಲ್ಲಿ ಅದಕ್ಕೆ ಹೊಂದುವ ದ್ವಾರವೂ ಒಳಗೆ ಕೋಶಗಳೂ ಇವೆ. ಮೈಬಣ್ಣ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು. ಈ ರಚನೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿದ್ದು, ಒಂದೇ ಪ್ರಭೇದದೊಳಗೆ ಬಹುಮಟ್ಟಿಗೆ ಸ್ಥಿರ. ಪ್ರಾಯಕ್ಕೆ ಬಾರದ ಜೇಡದಲ್ಲಿ ಇದು ಬೆಳೆದಿರುವುದಿಲ್ಲವಾದ್ದರಿಂದ ಮರಿಯನ್ನು ಆಧರಿಸಿ ಹೊಸ ಪ್ರಭೇದ ಸ್ಥಾಪಿಸುವುದು ಅಪಾಯಕರ. ಅನೇಕ ಏಡಿಜೇಡಗಳಲ್ಲಿ ಗಂಡು ಹೆಣ್ಣಿಗಿಂತ ಬಹಳ ಚಿಕ್ಕದು, ಬಣ್ಣವೂ ಬೇರೆ. ಒಂದೇ ಪ್ರಭೇದದ ಗಂಡುಹೆಣ್ಣುಗಳಿಗೆ ಬೇರೆ ಬೇರೆ ಹೆಸರು ಬಿದ್ದು, ಮುಂದೆ ಒಂದಾದ ಉದಾಹರಣೆಗಳು ಜೇಡಶಾಸ್ತ್ರದಲ್ಲಿ ಸಾಕಷ್ಟಿವೆ. ಈಚೆಗೆ ಒಂದು ಕಾಲಿನ ಅಂಗಾಂಶದಿಂದ ಡಿಎನ್‌ಎ ತೆಗೆದು ಹೋಲಿಸುವ ಕ್ರಮ ಇಂತಹ ಜೋಡಣೆಗೆ ನೆರವಾಗುತ್ತಿದೆ.

ಹೊಸದೆಂದು ಹೇಳುವ ಮೊದಲು ಹಳೆಯದನ್ನೆಲ್ಲ ನೋಡಿರಬೇಕು. ಅದೇ ಕುಲದ ಈವರೆಗಿನ ಪ್ರತಿಯೊಂದು ವರ್ಣನೆಯನ್ನು, ಅದು ಲ್ಯಾಟಿನ್, ಫ್ರೆಂಚ್, ಜರ್ಮನ್ ಯಾವುದರಲ್ಲಿದ್ದರೂ, ಓದಬೇಕು. ಜೇಡಗಳ ವಿಷಯದಲ್ಲಿ ಈ ಪರಂಪರೆ ಬಹಳ ಹಿಂದೆ ಹೋಗುತ್ತದೆ. ಪ್ರಾಣಿನಾಮಗಳ ಲೆಕ್ಕ ಲಿನ್ನೇಯಸ್‌ನ 1758ರ ಗ್ರಂಥದಿಂದ ಆರಂಭವಾಗುತ್ತದೆ. ಅದಕ್ಕೆ ಇರುವ ಒಂದೇ ವಿನಾಯಿತಿ ಕ್ಲೆರ್ಕ್ ಎಂಬ ಸ್ವೀಡಿಷ್ ಲೇಖಕ 1757ರಲ್ಲಿ ಬರೆದ ಜೇಡಗಳ ಪುಸ್ತಕ. ಮೇಲೆ ಹೇಳಿದ ಬಣ್ಣ ಬದಲಿಸುವ ಮಿಸುಮೆನಾ ವೇಷಿಯಾ ಆ ಪುಸ್ತಕದಲ್ಲಿಯೇ ಬಂದುದು. ‘ವೇಷಿಯಾ’ ಎಂದರೆ ಡೊಂಕುಗಾಲಿನದು. ಭಾರತದ ಏಡಿಜೇಡಗಳ ಮಟ್ಟಿಗೆ, ಪುಣೆಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಕೇಂದ್ರದಲ್ಲಿ ಕೆಲಸ ಮಾಡಿದ ಬಿ. ಕೆ. ಟಿಕಾದಾರ್ ಅವರ 1980ರ ಸಂಪುಟ ಯಾವ ಸಂಶೋಧಕನೂ ಬಿಟ್ಟು ಮುಂದೆ ಹೋಗಲಾಗದ ಗ್ರಂಥ.

ಪ್ರಬಂಧ ಬರೆಯುವಾಗ ಎರಡು ಭಾಗಗಳನ್ನು ಬೇರೆ ಇಡುತ್ತಾರೆ. ಒಂದು ವ್ಯವಚ್ಛೇದ: ಈ ಪ್ರಭೇದ ತನ್ನ ಹತ್ತಿರದ ಸಂಬಂಧಿಗಳಿಂದ ಯಾವ ಲಕ್ಷಣಗಳಲ್ಲಿ ಬೇರೆ ಎಂಬುದು. ಇದು ಎರಡು ಮೂರು ವಾಕ್ಯಗಳಲ್ಲಿ ಮುಗಿಯಬೇಕು. ಇನ್ನೊಂದು ವಿವರಣೆ: ಮೊದಲಿಂದ ಕೊನೆಯವರೆಗೆ ಇಡೀ ದೇಹದ ನಿರೂಪಣೆ. ಲಕ್ಷಣವು ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಂದ ಮುಕ್ತವಾಗಿರಬೇಕೆಂದು ತರ್ಕಶಾಸ್ತ್ರ ಹೇಳುವುದು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ‘ಎಂಟು ಕಾಲುಳ್ಳದ್ದು’ ಎಂದರೆ ಎಲ್ಲ ಜೇಡಗಳಿಗೂ ಸಲ್ಲುತ್ತದೆ. ‘ಉದರದಲ್ಲಿ ಹನ್ನೊಂದು ಚುಕ್ಕೆಯುಳ್ಳದ್ದು’ ಎಂದರೆ ಹತ್ತು ಚುಕ್ಕೆಯ ಸಹೋದರಿ ಹೊರಗುಳಿಯುತ್ತಾಳೆ.

ಕೊನೆಗೆ ಒಂದು ಮಾದರಿಯನ್ನು ಆರಿಸಿ ಅದನ್ನು ಆ ಹೆಸರಿನ ಆಧಾರವೆಂದು ಘೋಷಿಸುತ್ತಾರೆ. ಇದು ಹೋಲೊಟೈಪ್, ಕನ್ನಡದಲ್ಲಿ ಮೂಲಮಾದರಿ ಎನ್ನಬಹುದು. ಗ್ರಂಥಸಂಪಾದನೆಯಲ್ಲಿ ಮೂಲಪ್ರತಿಗಿರುವ ಸ್ಥಾನ ಅದಕ್ಕಿದೆ. ಮುಂದೆ ಸಂದೇಹ ಬಂದಾಗ ಹೋಗಿ ನೋಡಬೇಕಾದುದು ಅದನ್ನೇ. ಭಾರತದ 2002ರ ಜೀವವೈವಿಧ್ಯ ಕಾಯಿದೆಯ 39ನೆಯ ಪ್ರಕರಣದಂತೆ ಹೊಸ ಜೀವಿಯನ್ನು ಕಂಡುಹಿಡಿದವರು ನಿಯೋಜಿತ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಮಾದರಿಗಳ ನಷ್ಟ ಎಂಥದೆಂಬುದನ್ನು 2018ರ ಸೆಪ್ಟೆಂಬರಿನಲ್ಲಿ ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಬೆಂಕಿಗೆ ಆಹುತಿಯಾದಾಗ ಜಗತ್ತು ಕಂಡಿತು. ಕೀಟ ಮತ್ತು ಜೇಡಗಳ ಸಂಗ್ರಹದ ದೊಡ್ಡ ಭಾಗ ಅಂದು ನಾಶವಾಯಿತು. ಏಕೈಕ ಓಲೆಗರಿಯ ಪ್ರತಿ ಗೆದ್ದಲಿಗೆ ಹೋದ ಕಾವ್ಯದ ದುಃಖವನ್ನು ಬಲ್ಲವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಹೆಸರಿನ ಆಯ್ಕೆ

ಹೆಸರನ್ನು ಲ್ಯಾಟಿನ್ ಲಿಪಿಯಲ್ಲಿ ಬರೆಯಬೇಕು. ಆದರೆ ಪದ ಯಾವ ಭಾಷೆಯದೂ ಆಗಬಹುದು. ಸ್ಥಳದಿಂದ ಬಂದರೆ ಸಾಮಾನ್ಯವಾಗಿ ಕೊನೆಯಲ್ಲಿ ‘ಎನ್ಸಿಸ್’ ಸೇರುತ್ತದೆ. ಪುರುಷನ ಗೌರವಾರ್ಥವಾದರೆ ‘ಇ’, ಸ್ತ್ರೀಯ ಗೌರವಾರ್ಥವಾದರೆ ‘ಎ’ ಎಂದು ಉಚ್ಚರಿಸುವ ಷಷ್ಠೀ ಪ್ರತ್ಯಯ ಸೇರುತ್ತದೆ. 2021ರಲ್ಲಿ ಮಹಾರಾಷ್ಟ್ರದಿಂದ ವರ್ಣಿತವಾದ ಒಂದು ಜಿಗಿಜೇಡಕ್ಕೆ ‘ಇಸಿಯಸ್ ತುಕಾರಾಮಿ’ ಎಂದು ಹೆಸರಿಟ್ಟರು. ಮುಂಬಯಿಯ 26/11ರ ದಾಳಿಯಲ್ಲಿ ಬರಿಗೈಯಲ್ಲಿ ಭಯೋತ್ಪಾದಕನನ್ನು ಹಿಡಿದು ಪ್ರಾಣತೆತ್ತ ಪೊಲೀಸ್ ಅಧಿಕಾರಿ ತುಕಾರಾಮ ಓಂಬಳೆಯವರ ಸ್ಮರಣೆ ಅದರಲ್ಲಿದೆ. ಕರ್ನಾಟಕದ ಪಶ್ಚಿಮಘಟ್ಟದ ಕಾನುಗಳಲ್ಲಿ ಸಿಕ್ಕ, ಒಣ ಎಲೆಯನ್ನು ಹೋಲುವ ಮೊನಚು ಟೋಪಿಯಾಕಾರದ ಇನ್ನೊಂದು ಜೇಡಕ್ಕೆ 2016ರಲ್ಲಿ ‘ಎರಿಯೊವಿಕ್ಸಿಯಾ ಗ್ರಿಫಿಂಡೋರಿ’ ಎಂಬ ಹೆಸರು ಬಂತು. ಅದು ಹ್ಯಾರಿ ಪಾಟರ್ ಕಾದಂಬರಿಗಳ ಮಾಂತ್ರಿಕ ಟೋಪಿಯ ಮೊದಲ ಒಡೆಯನ ಹೆಸರು. ಇವೆರಡೂ ಏಡಿಜೇಡಗಳಲ್ಲ. ಆದರೆ ಹೆಸರಿಡುವವರ ಮನಸ್ಸಿನಲ್ಲಿ ಇತಿಹಾಸ, ಸಾಹಿತ್ಯಗಳು ಹೇಗೆ ಕೆಲಸ ಮಾಡುತ್ತವೆಂಬುದಕ್ಕೆ ಒಳ್ಳೆಯ ನಿದರ್ಶನಗಳು. ಜಾವಾದ ಜೇಡಕ್ಕೆ ಸಿಕ್ಕ ‘ವಂಚಕ’ ಎಂಬ ಹೆಸರು ಇವಕ್ಕಿಂತ ಬೇರೆ ಬಗೆಯದು. ಅದು ಪ್ರಾಣಿಯ ಸ್ವಭಾವವನ್ನೇ ಹೇಳುತ್ತದೆ.

ಸ್ವಭಾವೋಕ್ತಿಯ ಪ್ರಶ್ನೆ

ವಸ್ತುವನ್ನು ಇದ್ದಂತೆ ಹೇಳುವುದು ಅಲಂಕಾರವೇ ಎಂಬುದು ಪ್ರಾಚೀನ ಚರ್ಚೆ. ಭಾಮಹನು ಸ್ವಭಾವೋಕ್ತಿಯನ್ನು ಕೆಲವರು ಅಲಂಕಾರವೆನ್ನುತ್ತಾರೆ ಎಂದು ಹೇಳಿ ದೂರ ನಿಂತನು. ದಂಡಿಯಾದರೋ ಅದನ್ನೇ ಮೊದಲ ಅಲಂಕಾರವೆಂದು ಎಣಿಸಿ, ಅದಕ್ಕೆ ‘ಜಾತಿ’ ಎಂಬ ಇನ್ನೊಂದು ಹೆಸರನ್ನೂ ಕೊಟ್ಟು, ಜಾತಿ, ಕ್ರಿಯೆ, ಗುಣ, ದ್ರವ್ಯ ಎಂದು ನಾಲ್ಕಾಗಿ ವಿಂಗಡಿಸಿದನು. ದಂಡಿಯ ಕಾವ್ಯಾದರ್ಶಕ್ಕೆ ಕವಿರಾಜಮಾರ್ಗ ಎಷ್ಟು ಋಣಿ ಎಂಬುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ತಿಳಿದದ್ದೇ.

ಪ್ರಭೇದದ ವರ್ಣನೆಯನ್ನು ದಂಡಿಯ ಈ ನಾಲ್ಕು ತಲೆಬರಹಗಳಲ್ಲಿ ಓದಿದರೆ ಒಂದು ಸಂಗತಿ ಗೋಚರವಾಗುತ್ತದೆ. ವಸ್ತುಸಂಗ್ರಹಾಲಯದ ಸೀಸೆಯಲ್ಲಿರುವ ಮಾದರಿ ಜಾತಿಯನ್ನೂ ದ್ರವ್ಯವನ್ನೂ ಗುಣದ ಸ್ವಲ್ಪ ಭಾಗವನ್ನೂ ಉಳಿಸಿಕೊಳ್ಳುತ್ತದೆ. ಕ್ರಿಯೆ ಪೂರ್ತಿಯಾಗಿ ಹೊರಟುಹೋಗುತ್ತದೆ. ಆಲ್ಕೊಹಾಲಿನಲ್ಲಿ ಬಣ್ಣ ಮಾಸುತ್ತದೆ. ಎಲೆಯಿಲ್ಲ, ಪೊರೆಯಿಲ್ಲ, ಚಿಟ್ಟೆಯಿಲ್ಲ. ಸೀಸೆಯೊಳಗಿನ ಫ್ರಿನರಾಕ್ನೆ ಯಾರನ್ನೂ ವಂಚಿಸಲಾರದು. ಅದನ್ನು ‘ವಂಚಕ’ವೆಂದು ಕರೆಯಲು ಸಾಧ್ಯವಾದದ್ದು, ಸ್ಥಳದಲ್ಲಿ ನಿಂತು ನೋಡಿದವನೊಬ್ಬ ತಾನು ಕಂಡುದನ್ನು ದಿನಾಂಕ, ಊರು, ನದಿಗಳ ಸಹಿತ ಬರೆದಿಟ್ಟದ್ದರಿಂದ. ಆ ಕಾಡನ್ನು ಕಾಣದ ಪಾದ್ರಿಯ ಕಣ್ಣಳತೆ ಮತ್ತು ಕಾಡಿನಲ್ಲಿ ಬೆರಳು ಕಚ್ಚಿಸಿಕೊಂಡವನ ಅನುಭವ, ಎರಡೂ ಕೂಡಿದಾಗಲೇ ವರ್ಣನೆ ಪೂರ್ಣವಾಯಿತು. ಅಂದಿನಿಂದೀಚೆಗೆ ಸುಮಾತ್ರಾದ ತಗ್ಗುಪ್ರದೇಶದ ಕಾಡುಗಳ ದೊಡ್ಡ ಪಾಲು ಕೃಷಿಗೂ ತೋಟಗಳಿಗೂ ಕಡಿದುಹೋಗಿದೆ. ಕಾಡು ಹೋದ ಮೇಲೆ ಅಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಉತ್ತರಿಸಬಲ್ಲವು ಸೀಸೆಯ ಚೀಟಿಯೂ ಪ್ರಕಟಿತ ವರ್ಣನೆಯೂ ಮಾತ್ರ.

ಜಗತ್ತಿನ ಜೇಡಗಳ ಪಟ್ಟಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಸಿದ್ಧವಾಗುತ್ತದೆ. 2022ರಲ್ಲಿ ಅದು 50,000ದ ಗಡಿಯನ್ನು ದಾಟಿತು. ಆ ಸಂಖ್ಯೆಯನ್ನು ಮುಟ್ಟಿಸಿದ್ದು ದಕ್ಷಿಣ ಬ್ರೆಜಿಲಿನ ಒಂದು ಜಿಗಿಜೇಡ. ವರ್ಣನೆಗೆ ಕಾದಿರುವವು ಇನ್ನೂ ಬಹಳ, ಅವುಗಳಲ್ಲಿ ಹೆಚ್ಚಿನವು ಉಷ್ಣವಲಯದ ಕಾಡುಗಳಲ್ಲಿವೆ. ಪಶ್ಚಿಮಘಟ್ಟದಲ್ಲಿ ಹೊಸ ಜೇಡಗಳು ಇಂದಿಗೂ ವರ್ಣಿತವಾಗುತ್ತಲೇ ಇವೆ.

ಭಾಷೆಯ ವಿದ್ಯಾರ್ಥಿ ಸೂಕ್ಷ್ಮದರ್ಶಕವನ್ನು ಹಿಡಿಯಬೇಕಾಗಿಲ್ಲ. ಆದರೆ ಈ ಶಿಸ್ತಿನಿಂದ ಅವನು ಪಡೆಯಬಹುದಾದದ್ದು ಇದೆ. ಕಾಸರಗೋಡಿನಿಂದ ಜತ್ತದವರೆಗೆ, ತಾಳವಾಡಿಯಿಂದ ಮಡಕಶಿರಾದವರೆಗೆ ಗಡಿಯಾಚೆಯ ಕನ್ನಡ ಮನೆಗಳಲ್ಲಿ ಹುಳು, ಹಕ್ಕಿ, ಗಿಡಗಳಿಗೆ ನಿಘಂಟು ಕಾಣದ ಹೆಸರುಗಳಿವೆ. ಅವೂ ಒಂದು ಬಗೆಯ ಅವರ್ಣಿತ ಪ್ರಭೇದಗಳೇ. ಆಡುವ ಅಜ್ಜಿ ಹೋದರೆ ಪದವೂ ಹೋಗುತ್ತದೆ. ಸೆಮಿಸ್ಟರಿನ ಕಿರುಯೋಜನೆಗೆ ವಿಷಯ ಹುಡುಕುವವರು ತಮ್ಮ ಊರಿನಲ್ಲಿ ಜೇಡಕ್ಕೆ, ಅದರ ಬಲೆಗೆ, ಏಡಿಗೆ, ಇರುವೆಗೆ ಏನೆನ್ನುತ್ತಾರೆಂದು ಕೇಳಿ ಬರೆದುಕೊಳ್ಳಬಹುದು. ಪದದ ಜೊತೆಗೆ ಊರು, ದಿನಾಂಕ, ಹೇಳಿದವರ ವಯಸ್ಸು, ಮನೆಮಾತು, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನೂ ಬರೆಯಬೇಕು. ನೆರೆಭಾಷೆಯಿಂದ ಬಂದ ಪದವಾದರೆ ಅದನ್ನು ಅಶುದ್ಧವೆಂದು ಬಿಡದೆ, ಎಲ್ಲಿಂದ ಬಂತೆಂದು ಗುರುತಿಸಬೇಕು. ಚೀಟಿಯಿಲ್ಲದ ಜೇಡದಂತೆ, ಈ ವಿವರಗಳಿಲ್ಲದ ಪದವೂ ಮುಂದಿನ ಅಧ್ಯಯನಕ್ಕೆ ಹೆಚ್ಚಿನ ಪ್ರಯೋಜನಕ್ಕೆ ಬಾರದು.